ಕಷ್ಟದ ದಿನಗಳಲ್ಲಿ ನಿರೀಕ್ಷೆ: ಮನೆ ಪ್ರಾರ್ಥನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್, ಕಲಬುರಗಿ, ಯಾದಗಿರಿ ಕಡೆ ಮನೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬಿಬ್ಬರು ಎದ್ದು ಹೋಗುವುದಿಲ್ಲ. ಚಹಾ ಕುಡಿಯುತ್ತಾ ಕೂತಿರುತ್ತಾರೆ. ಉಳಿದವರೆಲ್ಲ ಚಪ್ಪಲಿ ಹಾಕಿಕೊಂಡು ಹೊರಟ ಮೇಲೆ ಮೆಲ್ಲಗೆ ಕೇಳುತ್ತಾರೆ. ಪಾಸ್ಟರ್ ಮುಂದೆ ಕೇಳಲು ಸಂಕೋಚ, ಸಂಬಂಧಿಕರ ಮುಂದೆ ಕೇಳಲು ಭಯ. ಅಂಥ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಬರೆದಿದ್ದೇನೆ. ನಾನು ಬೋಧಕಿಯಲ್ಲ, ನಮ್ಮ ಸಭೆಯ ಅಕ್ಕಂದಿರ ಜೊತೆ ಮನೆಮನೆಗೆ ಪ್ರಾರ್ಥನೆಗೆ ಹೋಗುವವಳು. ಸತ್ಯವೇದದಿಂದ ಕಲಿತದ್ದನ್ನು, ಕಷ್ಟ ಉಂಡವರ ಪಕ್ಕ ಕೂತು ತಿಳಿದದ್ದನ್ನು ಹೇಳುತ್ತಿದ್ದೇನೆ.

ದಿನಾ ಪ್ರಾರ್ಥನಾ ಮಾಡ್ತೀವಿ, ಐತವಾರ ಸಭೆ ತಪ್ಪಸಂಗಿಲ್ಲ. ಆದ್ರೂ ನಮಗೇ ಯಾಕ ಇಷ್ಟು ಕಷ್ಟ?

ಯೇಸುವನ್ನು ನಂಬಿದವರಿಗೆ ಕಷ್ಟ ಬರುವುದಿಲ್ಲ ಎಂದು ಸತ್ಯವೇದದಲ್ಲಿ ಎಲ್ಲೂ ಬರೆದಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ತನ್ನ ಶಿಷ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದು, ಈ ಲೋಕದಲ್ಲಿ ನಿಮಗೆ ಸಂಕಟ ಇದ್ದೇ ಇದೆ, ಆದರೂ ಧೈರ್ಯವಾಗಿರಿ ಎಂದು (ಯೋಹಾನ 16:33). ಅಪೊಸ್ತಲ ಪೌಲನಷ್ಟು ಪ್ರಾರ್ಥನೆ ಮಾಡಿದವರು ಯಾರಿದ್ದಾರೆ? ಅವನೇ ಲೆಕ್ಕ ಕೊಡುತ್ತಾನೆ: ಐದು ಸಲ ಒಂದು ಕಡಿಮೆ ನಲವತ್ತು ಏಟು, ಮೂರು ಸಲ ಕೋಲಿನ ಪೆಟ್ಟು, ಒಂದು ಸಲ ಕಲ್ಲೆಸೆತ, ಮೂರು ಸಲ ಹಡಗು ಒಡೆದು ಸಮುದ್ರದ ಪಾಲು (2 ಕೊರಿಂಥ 11).

"ಯಾಕೆ" ಎಂಬುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಯೋಬನಿಗೂ ಸಿಗಲಿಲ್ಲ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತು ಅಷ್ಟೊಂದು ಅಧ್ಯಾಯ ಅವನು ಕೇಳಿದ. ಕಡೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡಿದ. ಆದರೆ ಕಾರಣ ಮಾತ್ರ ಹೇಳಲಿಲ್ಲ. ಯೋಬನಿಗೆ ಸಿಕ್ಕಿದ್ದು ದೇವರೇ. ಅದು ಸಾಕೇ ಎಂದು ನೀವು ಕೇಳಬಹುದು. ಮಗುವನ್ನು ಮಣ್ಣು ಮಾಡಿ ಬಂದ ದಿನ ಸಾಕು ಅನ್ನಿಸುವುದಿಲ್ಲ, ಅನ್ನಿಸಲೇಬೇಕು ಎಂದು ನಾನು ಹೇಳುವುದೂ ಇಲ್ಲ. ನಮ್ಮ ದೇವರು ದೂರ ನಿಂತು ನೋಡುವವನಲ್ಲ, ಮೊಳೆ ಹೊಡೆಸಿಕೊಂಡವನು ಎಂಬ ಒಂದೇ ಮಾತಿನ ಮೇಲೆ ನಾವು ನಿಂತಿದ್ದೇವೆ.

ನಾ ಏನೋ ಪಾಪ ಮಾಡೀನಿ, ಅದಕ್ಕ ದೇವರು ಹೊಡೀಲಿಕತ್ಯಾನ ಅಂತಾರ. ಖರೇನಾ?

ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು: ಪಾಪ ಇವನದೋ, ಇವನ ತಂದೆತಾಯಿಯದೋ? ಯೇಸು ಎರಡೂ ಅಲ್ಲ ಅಂದ (ಯೋಹಾನ 9). ಯೆರೂಸಲೇಮಿನಲ್ಲಿ ಬುರುಜು ಕುಸಿದು 18 ಜನ ಸತ್ತಾಗಲೂ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರು ಅಂದುಕೊಂಡಿರಾ, ಅಲ್ಲ ಎಂದು ಹೇಳಿದ (ಲೂಕ 13).

ನಾವು ಮಾಡಿದ ತಪ್ಪಿಗೆ ಫಲ ಉಣ್ಣುವುದು ಬೇರೆ. ಕುಡಿತದಿಂದ ಲಿವರ್ ಹಾಳಾದರೆ ಅದಕ್ಕೆ ಕಾರಣ ಗೊತ್ತೇ ಇದೆ, ಅಲ್ಲಿಯೂ ಕ್ಷಮೆಯ ಬಾಗಿಲು ತೆರೆದಿದೆ. ಆದರೆ ಕ್ಯಾನ್ಸರ್ ಬಂದವಳ ಮಂಚದ ಪಕ್ಕ ನಿಂತು "ಏನಾದರೂ ಮುಚ್ಚಿಟ್ಟಿದ್ದರೆ ಒಪ್ಪಿಕೋ" ಎನ್ನುವವರು, ನಿನ್ನ ಪಾಪಕ್ಕೇ ಈ ಕಷ್ಟ ಎಂದು ಯೋಬನನ್ನು ಚುಚ್ಚಿದ ಅವನ ಗೆಳೆಯರ ಕೆಲಸ ಮಾಡುತ್ತಿದ್ದಾರೆ. ಕತೆಯ ಕೊನೆಗೆ ದೇವರ ಸಿಟ್ಟು ತಿರುಗಿದ್ದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

ದೇವರ ಮ್ಯಾಲ ಸಿಟ್ಟು ಬರ್ತದ. ಅಳೂದು, ಜಗಳಾಡೂದು ಅವಿಶ್ವಾಸ ಅಲ್ಲೇನು?

ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಕೂತು ಉತ್ತರಿಸಬೇಕು. ನಮ್ಮ ಸಭೆಗಳಲ್ಲಿ ಇದರಿಂದ ಆಗುತ್ತಿರುವ ಗಾಯ ದೊಡ್ಡದು.

ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾವು ಗೆದ್ದ ಕತೆಗಳನ್ನೇ ಕೇಳುತ್ತೇವೆ. ರೋಗ ಹೋಯಿತು, ಕೆಲಸ ಸಿಕ್ಕಿತು, ಮಗ ಪಾಸಾದ, ದೇವರಿಗೆ ಸ್ತೋತ್ರ. ಒಳ್ಳೆಯದೇ. ಆದರೆ ಯಾರ ರೋಗ ಹೋಗಲಿಲ್ಲವೋ ಅವಳು ಹಿಂದಿನ ಚಾಪೆಯ ಮೇಲೆ ಸುಮ್ಮನೆ ಕೂತಿರುತ್ತಾಳೆ, ತನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದೆ ಅಂದುಕೊಂಡು. ಅವಳ ಕೈಯಲ್ಲಿರುವ ಸತ್ಯವೇದವನ್ನೇ ತೆರೆದರೆ ಅವಳ ಅಳುವಿಗೆ ಅಲ್ಲಿ ಎಷ್ಟು ಜಾಗ ಇದೆ ನೋಡಿ. ಕೀರ್ತನೆಗಳು 150, ಅದರಲ್ಲಿ ಗೋಳಾಟದ ಕೀರ್ತನೆಗಳು ಬಹಳ. 13ನೇ ಕೀರ್ತನೆ ಎರಡೇ ವಚನದೊಳಗೆ ನಾಲ್ಕು ಸಲ "ಎಲ್ಲಿಯವರೆಗೆ" ಎಂದು ಕೇಳುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ಅದನ್ನು ಬರೆದವನು ಅವಿಶ್ವಾಸಿ ಎಂದು ಯಾರೂ ಅದನ್ನು ಕಿತ್ತು ಹಾಕಲಿಲ್ಲ. ಅದು ಇವತ್ತಿಗೂ ದೇವರ ವಾಕ್ಯವೇ.

143ನೇ ಕೀರ್ತನೆಯಲ್ಲಿ ದಾವೀದ ತನ್ನ ಪ್ರಾಣ ಬಾಯಾರಿದ ನೆಲದ ಹಾಗೆ ದೇವರಿಗಾಗಿ ಹಂಬಲಿಸುತ್ತದೆ ಎನ್ನುತ್ತಾನೆ. ಏಪ್ರಿಲ್‌ನಲ್ಲಿ ನಮ್ಮ ಎರೆಹೊಲ ಬಿರುಕು ಬಿಟ್ಟು ಬಾಯಿ ತೆರೆದು ಮಲಗಿರುವುದನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯೇಸು. ಲಾಜರನ ಸಮಾಧಿಯ ಮುಂದೆ ಅತ್ತ. ಇನ್ನೇನು ಅವನನ್ನು ಎಬ್ಬಿಸುವವನಿದ್ದ, ಆದರೂ ಅತ್ತ. ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಸಾಲನ್ನೇ ಕೂಗಿದ, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂದು. ದೇವರ ಮಗನೇ ಹಾಗೆ ಕೂಗಿದ ಮೇಲೆ, ನೀವು ಕೂಗಿದರೆ ಆಕಾಶವೇನೂ ಬೀಳುವುದಿಲ್ಲ. ಜಗಳ ದೇವರ ಜೊತೆಗೇ ನಡೆಯಲಿ, ಅವನ ಬೆನ್ನ ಹಿಂದೆ ಬೇಡ. ಮಾತು ಬಿಟ್ಟವರಿಗಿಂತ ಜಗಳಾಡುವವರು ಹತ್ತಿರ ಇದ್ದಾರೆ.

ಎಷ್ಟು ಉಪವಾಸ ಪ್ರಾರ್ಥನಾ ಮಾಡಿದ್ರೂ ಉತ್ತರ ಬರವಲ್ದು. ಬಿಟ್ಟುಬಿಡ್ಲಾ?

ಪೌಲನ ಶರೀರದಲ್ಲಿ ಒಂದು ಮುಳ್ಳು ಇತ್ತು. ಅದು ಏನು ಎಂದು ಅವನು ಹೇಳಲಿಲ್ಲ. ತೆಗೆದುಹಾಕು ಎಂದು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಗೆತ್ಸೇಮನೆ ತೋಟದಲ್ಲಿ ಯೇಸುವೂ ಮೂರು ಸಲ ಪ್ರಾರ್ಥಿಸಿದ, ಪಾತ್ರೆ ದೂರ ಆಗಲಿಲ್ಲ. ಹಾಗಾದರೆ ಉತ್ತರ ಬಾರದ ಪ್ರಾರ್ಥನೆ ಎಂದರೆ ವಿಶ್ವಾಸ ಕಡಿಮೆ ಎಂಬ ಲೆಕ್ಕ ಎಲ್ಲಿಂದ ಬಂತು?

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ಪೂರ್ತಿ ಓದಿ, ಅರ್ಧಕ್ಕೆ ನಿಲ್ಲಿಸಬೇಡಿ. ವಿಶ್ವಾಸದಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರು ಅಲ್ಲಿದ್ದಾರೆ, ಕೆಲವೇ ವಚನಗಳ ಕೆಳಗೆ ಕತ್ತಿಯಿಂದ ಸತ್ತವರೂ ಇದ್ದಾರೆ. ಇಬ್ಬರ ವಿಶ್ವಾಸಕ್ಕೂ ಒಂದೇ ಸಾಕ್ಷಿ.

ಬಿಡಬೇಡಿ. ಆದರೆ ರೂಪ ಬದಲಿಸಬಹುದು. "ಇದನ್ನು ಮಾಡು" ಎಂದು ಕೇಳಿ ಕೇಳಿ ದಣಿದಿದ್ದರೆ ಕೆಲವು ದಿನ "ಇವತ್ತು ನನ್ನ ಜೊತೆ ಇರು" ಎಂದಷ್ಟೇ ಕೇಳಿ. ಸಕ್ಕರೆ ಕಾಯಿಲೆ ಇದ್ದವರು, ಗರ್ಭಿಣಿಯರು ಊಟ ಬಿಟ್ಟು ಉಪವಾಸ ಮಾಡಬೇಡಿ, ನಿಮ್ಮ ಬದಲಿಗೆ ನಾವು ಮಾಡುತ್ತೇವೆ.

ಪ್ರಾರ್ಥನಾಕ್ಕ ಬಾಯಾಗ ಮಾತೇ ಬರಂಗಿಲ್ಲ.

ಬರದಿದ್ದರೆ ಬೇಡ. ನಾವು ಮಾತು ಸಿಗದೆ ನರಳುವಾಗ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ಕರ್ತನ ಪ್ರಾರ್ಥನೆಯನ್ನು ಅರ್ಧ ಹೇಳಿ ನಿಲ್ಲಿಸಿದರೂ ಆದೀತು.

ಗುಳಿಗಿ ತಗೊಳ್ಳೂದು ವಿಶ್ವಾಸ ಕಮ್ಮಿ ಅಂತ ಒಬ್ಬರು ಹೇಳ್ಯಾರ. ಬಿಡ್ಲೇನು?

ಬಿಡಬೇಡಿ. ಸಕ್ಕರೆಯ ಗುಳಿಗೆ, ಬಿ.ಪಿ. ಗುಳಿಗೆ, ಫಿಟ್ಸ್ ಗುಳಿಗೆ ಯಾವುದನ್ನೂ ಡಾಕ್ಟರ್ ಹೇಳದೆ ಬಿಡಬೇಡಿ. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಔಷಧ. ನಡುವೆ ಬಿಟ್ಟರೆ ರೋಗ ಗಟ್ಟಿಯಾಗಿ, ಮಾಮೂಲಿ ಔಷಧಕ್ಕೆ ಬಗ್ಗದೆ ತಿರುಗಿ ಬರುತ್ತದೆ.

ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯ ಎಂದೇ ಕರೆಯುತ್ತಾನೆ. ತಿಮೊಥೆಯನಿಗೆ ಹೊಟ್ಟೆಯ ತೊಂದರೆ ಇದ್ದಾಗ ಪೌಲ ಮನೆಮದ್ದು ಹೇಳಿದನೇ ಹೊರತು ನಿನಗೆ ವಿಶ್ವಾಸ ಇಲ್ಲ ಎಂದು ಬೈಯಲಿಲ್ಲ. ನಮ್ಮ ಹಿರಿಯರು ಇದನ್ನು ಕಣ್ಣಾರೆ ಕಂಡವರು. ಮೆಥೊಡಿಸ್ಟ್ ಮಿಷನ್ ಈ ನೆಲಕ್ಕೆ ಬಂದಾಗ ಪ್ರಾರ್ಥನಾ ಮಂದಿರ ಕಟ್ಟಿ ಸುಮ್ಮನಾಗಲಿಲ್ಲ, ಬೀದರಿನಲ್ಲೂ ಯಾದಗಿರಿಯಲ್ಲೂ ಆಸ್ಪತ್ರೆ ನಡೆಸಿತು. ರೋಗಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರೇ ಗಾಯಕ್ಕೆ ಪಟ್ಟಿ ಕಟ್ಟಿದರು. ಇವತ್ತು ಬೀದರಿಗೆ ಬ್ರಿಮ್ಸ್, ಕಲಬುರಗಿಗೆ ಜಿಮ್ಸ್ ಎಂಬ ಸರ್ಕಾರಿ ಆಸ್ಪತ್ರೆ ಇದೆ. ಹೋಗಿ ತೋರಿಸಿ. ಚೀಟಿ ಮಾಡಿಸಲು, ಸರದಿಯಲ್ಲಿ ನಿಲ್ಲಲು ಒಬ್ಬರನ್ನು ಜೊತೆಗೆ ಕಳಿಸುವುದೂ ಸಭೆಯ ಸೇವೆಯೇ.

ಬದುಕೂದೇ ಬ್ಯಾಡ ಅನಸ್ತದ. ಇದನ್ನ ಸಭಾದಾಗ ಹೇಳಿದ್ರ ಏನಂತಾರೋ?

ಈ ಸಾಲು ಓದುತ್ತಿರುವಾಗ ನಿಮಗೆ ಹಾಗೆ ಅನ್ನಿಸುತ್ತಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಹಣ ಬೇಡ, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಇರಬೇಡಿ. ಪಕ್ಕದ ಮನೆಯ ಅಕ್ಕನನ್ನೋ ತಮ್ಮನನ್ನೋ ಕರೆದು ಕೂರಿಸಿಕೊಳ್ಳಿ.

ಎಲೀಯ ದೊಡ್ಡ ಪ್ರವಾದಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ನೋಡಿದವನು. ಅದಾದ ಕೆಲವೇ ದಿನಕ್ಕೆ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂದ. ದೇವರು ಅವನಿಗೆ ಏನು ಮಾಡಿದ? ಪ್ರಸಂಗ ಮಾಡಲಿಲ್ಲ. ಗದರಿಸಲಿಲ್ಲ. ನಿದ್ದೆ ಮಾಡಲು ಬಿಟ್ಟ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತಲೆಯ ಹತ್ತಿರ ಇಡಿಸಿದ. ಎದ್ದು ಉಂಡ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಉಣ್ಣಿಸಿ, ದಾರಿ ದೂರ ಇದೆ, ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಂಡ (1 ಅರಸುಗಳು 19). ಪೌಲನೂ ಆಸ್ಯ ಸೀಮೆಯಲ್ಲಿ ತಾನು ಜೀವದ ಆಸೆಯನ್ನೇ ಬಿಟ್ಟಿದ್ದೆ ಎಂದು ಪತ್ರದಲ್ಲಿ ಎಲ್ಲರೂ ಓದುವ ಹಾಗೆ ಬರೆದಿದ್ದಾನೆ.

ಹೀಗಾಗಿ ಈ ಮಾತು ಹೇಳುವುದು ನಾಚಿಕೆಯಲ್ಲ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದಕ್ಕೆ ಡಾಕ್ಟರ್ ಇದ್ದಾರೆ, ಗುಳಿಗೆ ಇದೆ, ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಬಹುದು. ಅದನ್ನು ದೆವ್ವ ಎಂದು ಬಡಿಯುವವರ ಕೈಗೆ ಮನೆಯ ಮಗಳನ್ನು ಕೊಡಬೇಡಿ.

ತೊಗರಿ ಹೋಯ್ತು, ಸಾಲ ಹಂಗೇ ಅದ. ಸಂಘದವರು ವಾರಾ ವಾರಾ ಬಾಗಲಿಗೆ ಬರ್ತಾರ. ಇಂಥಾದ್ರಾಗ ಏನ್ ನಿರೀಕ್ಷೆ?

ಕಲಬುರಗಿಯನ್ನು ತೊಗರಿ ಕಣಜ ಎನ್ನುತ್ತಾರೆ. ಆ ಕಣಜ ಬರಿದಾದಾಗ ಏನಾಗುತ್ತದೆ ಎಂದು ಇಲ್ಲಿಯವರಿಗೆ ಗೊತ್ತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳನ್ನು ನುಂಗಿದಳು. 2022ರಲ್ಲಿ ಹೂವು ಕಾಯಿ ಹಿಡಿಯುವ ಹೊತ್ತಿಗೆ ನೆಟೆ ರೋಗ ಬಿದ್ದು ಹಸಿರು ಹೊಲ ನಿಂತಲ್ಲೇ ಒಣಗಿತು. ಹಬಕ್ಕೂಕನ ಕೊನೆಯ ಅಧ್ಯಾಯ ಇಂಥ ಹೊಲದ ಬದುವಿನ ಮೇಲೆ ನಿಂತು ಓದಬೇಕಾದದ್ದು: ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ. ಆದರೆ ಈ ಮಾತಿನ ಹಿಂದಿನ ವಚನದಲ್ಲಿ ಅವನ ತುಟಿ ನಡುಗುತ್ತಿದೆ, ಕಾಲು ಅದರುತ್ತಿದೆ. ಹೆದರಿದವನ ಸಂತೋಷ ಅದು. ನಗುತ್ತಾ ಇರು ಎಂದು ಅವನು ಯಾರಿಗೂ ಹೇಳುತ್ತಿಲ್ಲ.

ಸಾಲದ ವಿಷಯಕ್ಕೆ ಪ್ರವಾದಿ ಎಲೀಷನ ಕಾಲದ ಆ ವಿಧವೆಯನ್ನು ನೋಡಿ (2 ಅರಸುಗಳು 4). ಗಂಡ ದೇವಭಕ್ತ, ಸತ್ತುಹೋದ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದು ನಿಂತ. ಅಂದರೆ ದೇವಭಕ್ತರ ಮನೆಯಲ್ಲೂ ಸಾಲ ಇತ್ತು. ಪ್ರವಾದಿ ಮೊದಲು ಕೇಳಿದ್ದು, ಮನೆಯಲ್ಲಿ ಏನಿದೆ ಎಂದು. ಆಮೇಲೆ ಹೇಳಿದ್ದು, ನೆರೆಯವರ ಹತ್ತಿರ ಹೋಗಿ ಬರಿಯ ಪಾತ್ರೆಗಳನ್ನು ಕಡ ತಾ, ಕಡಿಮೆ ತರಬೇಡ ಎಂದು. ಎಣ್ಣೆ ತುಂಬಿದ್ದು ನೆರೆಯವರ ಪಾತ್ರೆಗಳಲ್ಲಿ. ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳೊಂದಿಗೆ ಬದುಕು ಎಂದ. ಸಾಲ ಮುಚ್ಚಿಟ್ಟುಕೊಂಡು ಒಳಗೊಳಗೇ ಬೇಯುವವರಿಗೆ ನಾನು ಯಾವಾಗಲೂ ಈ ಕತೆ ಹೇಳುತ್ತೇನೆ. ಅವಳು ಮನೆಯಿಂದ ಹೊರಬಂದು ಊರಿನ ಬಾಗಿಲು ಬಡಿದಳು. ನೀವೂ ಯಾರಿಗಾದರೂ ಹೇಳಿ. ಎಷ್ಟು ಸಾಲ, ಯಾರದು, ಬಡ್ಡಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ.

ಇನ್ನು ಕಾನೂನು. ಕಿರು ಸಾಲ ವಸೂಲಿಗೆ ಬೆದರಿಸುವುದು, ಬಲವಂತ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಬಾಗಿಲಲ್ಲಿ ನಿಂತು ಬೈದರೆ, ಸಾಮಾನು ಎತ್ತಿಕೊಂಡು ಹೋದರೆ ಠಾಣೆಗೆ ದೂರು ಕೊಡಬಹುದು. ಬೆಳೆ ವಿಮೆ ಮಾಡಿಸಿದ್ದರೆ, ಆಲಿಕಲ್ಲು ಬಿದ್ದಾಗ ಅಥವಾ ಹೊಲದಲ್ಲಿ ನೀರು ನಿಂತಾಗ 72 ಗಂಟೆಯೊಳಗೆ ತಿಳಿಸಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಒಂದು ಎಚ್ಚರಿಕೆ. "ಇಷ್ಟು ಕಾಣಿಕೆ ಹಾಕು, ದೇವರು ನೂರರಷ್ಟು ಕೊಡುತ್ತಾನೆ, ಸಾಲ ತೀರುತ್ತದೆ" ಎಂದು ಯಾರಾದರೂ ಹೇಳಿದರೆ ಒಂದು ರೂಪಾಯಿಯೂ ಹಾಕಬೇಡಿ. ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಆಡಿದ ಮಾತು ಬಹಳ ಕಠಿಣ (ಮಾರ್ಕ 12:40). ಪೌಲ ಹಣ ಕೂಡಿಸಿದ್ದು ಯೆರೂಸಲೇಮಿನ ಬಡವರಿಗೆ ಕೊಡಲಿಕ್ಕೆ, ಬಡವರಿಂದ ಹಿಂಡಲಿಕ್ಕಲ್ಲ.

ಗಂಡ ಕುಡಿದು ಹೊಡೀತಾನ. "ತಾಳಿಕೋ ತಂಗಿ, ಅದೇ ನಿನ್ನ ಶಿಲುಬೆ" ಅಂತಾರ. ತಾಳ್ಕೋಬೇಕಾ?

ಇಲ್ಲ. ಹೊಡೆತ ನಿನ್ನ ಶಿಲುಬೆಯಲ್ಲ ತಂಗಿ, ಅದು ಅವನ ಪಾಪ.

ಯೇಸು ತಾನಾಗಿಯೇ ಶಿಲುಬೆಗೆ ಒಪ್ಪಿಸಿಕೊಂಡ. ಅದಕ್ಕಿಂತ ಮೊದಲು ಜನ ಕಲ್ಲು ಎತ್ತಿಕೊಂಡಾಗ ಮರೆಯಾಗಿ ಹೊರಟುಹೋದ (ಯೋಹಾನ 8:59), ಬೆಟ್ಟದಿಂದ ದೊಬ್ಬಲು ಬಂದಾಗ ನಡುವಿನಿಂದ ಹಾದು ಹೋದ (ಲೂಕ 4). ದಮಸ್ಕದಲ್ಲಿ ಪೌಲನನ್ನು ಕೊಲ್ಲಲು ಕಾದಿದ್ದಾಗ ಶಿಷ್ಯರು ರಾತ್ರಿ ಹೆಡಿಗೆಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿ ಪಾರು ಮಾಡಿದರು. ಮತ್ತೊಮ್ಮೆ ಚಾವಟಿಯಿಂದ ಹೊಡೆಯಲು ಕಟ್ಟಿದಾಗ, ರೋಮ್ ಪೌರನನ್ನು ವಿಚಾರಣೆಯಿಲ್ಲದೆ ಹೊಡೆಯಬಹುದೇ ಎಂದು ಕಾನೂನು ಎತ್ತಿ ಕೇಳಿದ. ಪಾರಾಗುವುದು, ಕಾನೂನು ಕೇಳುವುದು ಎರಡೂ ಅಪೊಸ್ತಲನೇ ಮಾಡಿದ್ದು.

ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜಿಲ್ಲೆಯ ಸಖಿ ಕೇಂದ್ರದಲ್ಲಿ ಆಸರೆ, ಚಿಕಿತ್ಸೆ, ಕಾನೂನು ಸಲಹೆ ಸಿಗುತ್ತದೆ. ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾಯ್ದೆಯೇ ಇದೆ. ಗಂಡನಿಗಾಗಿ ಪ್ರಾರ್ಥಿಸುತ್ತಾ ತವರಿನಲ್ಲಿ ಇರಬಹುದು. ಪ್ರಾರ್ಥಿಸಲು ಅವನ ಕೈಗೆ ಸಿಗುವಷ್ಟು ಹತ್ತಿರ ನಿಲ್ಲಬೇಕಾಗಿಲ್ಲ. ಸಭೆಯ ಅಣ್ಣಂದಿರಿಗೆ ನನ್ನ ಬೇಡಿಕೆ: ಆ ಹೆಡಿಗೆಯ ಹಗ್ಗ ಹಿಡಿಯುವವರು ನೀವಾಗಿ.

ನನಗ ತಾಳ್ಮೆನೇ ಇಲ್ರಿ. ಅದು ಎಲ್ಲಿಂದ ತರೂದು?

ಯಾರೂ ಅದನ್ನು ಮೊದಲೇ ಕೂಡಿಸಿ ಇಟ್ಟುಕೊಂಡಿರುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಹೇಳುವ ಕ್ರಮ ನೋಡಿ: ಸಂಕಟದೊಳಗಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ. ನಿರೀಕ್ಷೆ ಕೊನೆಗೆ ಬರುತ್ತದೆ. ಮೊದಲ ದಿನವೇ ಅದನ್ನು ಕೇಳಬೇಡಿ, ಬೇರೆಯವರಿಂದಲೂ ನಿರೀಕ್ಷಿಸಬೇಡಿ. ಇವತ್ತಿನ ರೊಟ್ಟಿಯನ್ನು ಇವತ್ತು ಕೇಳಲು ಯೇಸು ಕಲಿಸಿದ. ಅಡವಿಯಲ್ಲಿ ದೇವರು ತನ್ನ ಜನಕ್ಕೆ ಕೊಟ್ಟ ಮನ್ನ ಎಂಬ ಆಹಾರವನ್ನೂ ನಾಳೆಗೆ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ತಾಳುವ ಬಲವೂ ಹಾಗೇ, ದಿನದಿನಕ್ಕೆ ಸಿಗುತ್ತದೆ.

ಮಕ್ಕಳು ಪುಣಾ, ಮುಂಬೈ, ಹೈದ್ರಾಬಾದ್ ಕಡೆ ದುಡೀಲಿಕ್ಕ ಹೋಗ್ಯಾರ. ಮನಿ ಖಾಲಿ, ಮನಸೂ ಖಾಲಿ.

ಗುಳೆ ಹೋದವರ ದೇವರು ಊರಲ್ಲೇ ಉಳಿಯುವುದಿಲ್ಲ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ (29ನೇ ಅಧ್ಯಾಯ) ನಮ್ಮ ಮಕ್ಕಳಿಗೆ ಹೇಳಿ ಬರೆಸಿದ ಹಾಗಿದೆ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಒಳ್ಳೆಯ ಗತಿ ಬರಲಿ ಎಂಬುದೇ ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಎಂಬ ವಚನವನ್ನು ಕ್ಯಾಲೆಂಡರಿನಲ್ಲಿ ಹಾಕುತ್ತೇವಲ್ಲ, ಅದು ಇದೇ ಪತ್ರದ್ದು. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಎಂದಿದೆ. ಅದನ್ನು ಯಾರೂ ಕ್ಯಾಲೆಂಡರಿಗೆ ಹಾಕುವುದಿಲ್ಲ. ಎರಡನ್ನೂ ಸೇರಿಸಿ ಓದಿದರೆ ಆ ಮಾತಿಗೆ ತೂಕ ಬರುತ್ತದೆ.

ರಾತ್ರಿ ಒಂದು ಹೊತ್ತು ಗೊತ್ತು ಮಾಡಿಕೊಂಡು ಫೋನಿನಲ್ಲೇ ಒಟ್ಟಿಗೆ ಪ್ರಾರ್ಥನೆ ಮಾಡಿ. ಐದು ನಿಮಿಷ ಸಾಕು.

ಕೋವಿಡ್‌ನ್ಯಾಗ ಹೋದವರ ಮುಖಾನೂ ನೋಡ್ಲಿಕ್ಕ ಆಗ್ಲಿಲ್ಲ. ಆ ದುಃಖ ಇನ್ನೂ ಹೋಗವಲ್ದು.

ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ವರದಿಯಾದದ್ದೇ ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಆ ಭಯ ನಮ್ಮ ಬೀದಿಗಳಿಗೆ ಎಲ್ಲರಿಗಿಂತ ಮೊದಲು ಬಂತು. ಮೈ ತೊಳೆಯಲಿಲ್ಲ, ಹಾಡು ಹಾಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ ಎಂಬ ನೋವು ವರ್ಷ ಕಳೆದರೂ ಕರಗುವುದಿಲ್ಲ.

ದುಃಖಿಸಬೇಡಿ ಎಂದು ಪೌಲ ಹೇಳಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದ (1 ಥೆಸಲೋನಿಕ 4). ಕ್ರಿಸ್ತ ಎದ್ದನು, ಅವನಲ್ಲಿ ಮಲಗಿದವರೂ ಏಳುತ್ತಾರೆ ಎಂಬುದು ನಮ್ಮ ನಂಬಿಕೆಯ ಹೃದಯ. ಅಂತ್ಯಕ್ರಿಯೆ ಸರಿಯಾಗಿ ಆಗದಿದ್ದರೆ ಪುನರುತ್ಥಾನಕ್ಕೆ ಏನೂ ಅಡ್ಡಿಯಿಲ್ಲ. ಆದರೆ ನಿಮ್ಮ ಮನಸ್ಸಿಗೆ ಆ ವಿದಾಯ ಬೇಕು. ಈಗಲೂ ಮಾಡಬಹುದು. ಪಾಸ್ಟರಿಗೆ ಹೇಳಿ, ಸಮಾಧಿಯ ಹತ್ತಿರವೋ ಮನೆಯಲ್ಲೋ ಅವರ ಹೆಸರು ಹೇಳಿ, ಅವರಿಗೆ ಇಷ್ಟವಾದ ಹಾಡು ಹಾಡಿ, ಬೇಕಾದಷ್ಟು ಅತ್ತು ಪ್ರಾರ್ಥನೆ ಮಾಡಿಸಿ.

ನಮ್ಮ ಕಡೆ ಹೀಂಗ ತಾಳ್ಕೊಂಡು ಬಾಳಿದವರು ಯಾರರ ಹರೇನು?

ಪ್ರತಿ ಊರಿನಲ್ಲೂ ಇದ್ದಾರೆ, ಅವರ ಹೆಸರು ಪುಸ್ತಕದಲ್ಲಿ ಇಲ್ಲ ಅಷ್ಟೇ. ಪುಸ್ತಕದಲ್ಲಿ ಇರುವವರಲ್ಲಿ ನಾನು ಪಂಡಿತಾ ರಮಾಬಾಯಿಯವರನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಅವರಿಗೂ ಕಲಬುರಗಿಗೂ ಒಂದು ನಂಟಿದೆ ಎಂದು ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು, ಆ ತಾಯಿಯಿಂದ ಮಗಳು ಕಲಿತರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಅಣ್ಣನ ಜೊತೆ ನಡೆಯುತ್ತಾ ಕಲ್ಕತ್ತೆಗೆ ಹೋದರು, ಅಲ್ಲಿ ಪಂಡಿತಾ ಎಂಬ ಬಿರುದು ಬಂತು. 1880ರಲ್ಲಿ ಅಣ್ಣನೂ ಹೋದ. ಮದುವೆಯಾಗಿ ಮಗಳು ಹುಟ್ಟಿ ವರ್ಷ ತುಂಬುವ ಮೊದಲೇ, 1882ರಲ್ಲಿ ಗಂಡ ತೀರಿಕೊಂಡರು. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಆಮೇಲೆ ಬಂದದ್ದು ಸುಖವೇನಲ್ಲ: ಕಿವಿ ಮಂದವಾಗುತ್ತಾ ಹೋಯಿತು, ನಮ್ಮವರು ಎಂದುಕೊಂಡವರು ಬಿಟ್ಟುಹೋದರು.

ಬರದಲ್ಲಿ ಮನೆಯವರನ್ನು ಕಳೆದುಕೊಂಡ ಆ ಹೆಂಗಸು 1896ರ ಬರ ಬಂದಾಗ ಸುಮ್ಮನೆ ಕೂರಲಿಲ್ಲ. ಹಸಿದ ಬಾಲವಿಧವೆಯರನ್ನು, ಅನಾಥ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಪುಣೆಯ ಹತ್ತಿರದ ಕೇಡಗಾಂವಕ್ಕೆ ಕರೆತಂದರು. ಅದೇ ಮುಕ್ತಿ ಮಿಷನ್. ಕಲಬುರಗಿಯಿಂದ ಪುಣೆಗೆ ರೈಲಿನಲ್ಲಿ ಹೋಗುವವರು ದೌಂಡ್ ದಾಟಿದ ಮೇಲೆ ಆ ಸ್ಟೇಷನ್ ನೋಡಿರುತ್ತೀರಿ. 1912ರಲ್ಲಿ ಇದೇ ಗುಲ್ಬರ್ಗದಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆ ಶುರುಮಾಡಿದರು, ಮಗಳು ಮನೋರಮಾ ಅದರ ಪ್ರಿನ್ಸಿಪಾಲ್ ಆದರು. ಆಗ ಇದು ನಿಜಾಮರ ಸೀಮೆ, ಹೆಣ್ಣುಮಕ್ಕಳ ಓದು ಎಂದರೆ ಕನಸಿನ ಮಾತು.

ತನ್ನ ನಂತರ ಎಲ್ಲವನ್ನೂ ನಡೆಸುವವಳು ಎಂದುಕೊಂಡಿದ್ದ ಆ ಮಗಳು 1921ರಲ್ಲಿ ತೀರಿಕೊಂಡಳು. ರಮಾಬಾಯಿ ಆಗ ಮೂಲ ಭಾಷೆಗಳಿಂದ ಸತ್ಯವೇದವನ್ನು ಮರಾಠಿಗೆ ತರುವ ಕೆಲಸದಲ್ಲಿದ್ದರು. ಅದನ್ನು ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ತನಗೇ ಯಾಕೆ ಇಷ್ಟು ಸಾವು ಎಂದು ಅವರಿಗೆ ಯಾರೂ ಬಂದು ವಿವರಿಸಲಿಲ್ಲ. ಆದರೂ ಅವರ ನಿರೀಕ್ಷೆ ನೂರಾರು ಹುಡುಗಿಯರಿಗೆ ಸೂರಾಯಿತು, ಅನ್ನವಾಯಿತು, ಅಕ್ಷರವಾಯಿತು.

ಮೊದಲ ಜಾತಿ ಅಂತ ದೂರ ಇಟ್ರು, ಈಗ ಕ್ರೈಸ್ತರು ಅಂತ ದೂರ ಇಡ್ತಾರ.

ಬೀದರ್ ಸೀಮೆಯ ಸಭೆಗಳಲ್ಲಿ ದಲಿತ ಕೇರಿಗಳಿಂದ ಬಂದ ಕುಟುಂಬಗಳು ಬಹಳ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ, ಊರು ಮಾತ್ರ ಹಳೆಯ ಕಣ್ಣಿನಿಂದಲೇ ನೋಡುತ್ತದೆ. ಈ ಎರಡು ಕಡೆಯ ಪೆಟ್ಟು ನಿಜ, ಅದನ್ನು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಚದುರಿ ಹೋಗಿ ಪರದೇಶಿಗಳಂತೆ ಬಾಳುತ್ತಿದ್ದವರಿಗೇ ಪೇತ್ರ ತನ್ನ ಮೊದಲ ಪತ್ರ ಬರೆದದ್ದು. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರ ಕೊಡಿ ಎಂದ. ಸೇಡು ಬೇಡ, ಹೆದರಿಕೆಯೂ ಬೇಡ. ಧರ್ಮದ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಇರುವ ಹಾಗೆ ನಮಗೂ ಇದೆ. ಆದರೆ ಮದುವೆಯ ಮಾತು ಬಂದಾಗ ಸಭೆಯ ಒಳಗೇ ಜಾತಿ ಕೇಳುವವರು ಕರ್ತನ ಮೇಜಿನ ಮುಂದೆ ಹೇಗೆ ಕೈ ಚಾಚುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಕಷ್ಟದಾಗ ಇದ್ದವರ ಮನಿಗಿ ಹೋದಾಗ ಏನ್ ಅನಬೇಕು?

ಕಡಿಮೆ ಮಾತಾಡಿ. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ, ಮೊದಲ ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತದ್ದು. "ಎಲ್ಲಾ ದೇವರ ಚಿತ್ತ", "ಇನ್ನೊಂದು ಮಗು ಆಗ್ತದ ಬಿಡು", "ನಮ್ಮ ಕಾಕಾಗೂ ಹೀಂಗೇ ಆಗಿತ್ತು" ಇವು ಬೇಡ. ಅಳುವವರ ಸಂಗಡ ಅಳಿರಿ ಎಂದಷ್ಟೇ ವಾಕ್ಯ ಹೇಳುತ್ತದೆ. ಹೋಗುವಾಗ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ. ಪಾತ್ರೆ ತೊಳೆದು ಬನ್ನಿ. ಮಕ್ಕಳನ್ನು ಸಂಜೆವರೆಗೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಮೂರನೇ ದಿನ ಎಲ್ಲರೂ ಬರುತ್ತಾರೆ. ಮೂರನೇ ತಿಂಗಳು ಯಾರೂ ಬರುವುದಿಲ್ಲ, ಆಗ ಹೋಗಿ.

ಸತ್ಯವೇದ ಎಲ್ಲಿಂದ ಓದ್ಲಿ? ನಮ್ಮ ಆಯಿಗಿ ಓದ್ಲಿಕ್ಕೂ ಬರಂಗಿಲ್ಲ.

ದುಃಖದಲ್ಲಿ ಇರುವಾಗ ಆದಿಕಾಂಡದಿಂದ ಶುರುಮಾಡಿ ಯಾಜಕಕಾಂಡದಲ್ಲಿ ಸಿಕ್ಕಿಕೊಳ್ಳಬೇಡಿ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ಬರ, ಗುಳೆ, ಮೂವರು ವಿಧವೆಯರು, ಹಕ್ಕಲಾಯ್ದು ತಂದ ಜವೆ, ಎಲ್ಲವೂ ನಮ್ಮ ಊರಿನದೇ ಅನ್ನಿಸುತ್ತದೆ. ದೇವರು ನನ್ನ ಬಾಳನ್ನು ಕಹಿ ಮಾಡಿದ ಎಂದು ನೊವೊಮಿ ಊರಿನ ಹೆಂಗಸರ ಮುಂದೆ ಬಾಯಿಬಿಟ್ಟು ಹೇಳುತ್ತಾಳೆ, ಅವಳನ್ನು ಯಾರೂ ಸುಮ್ಮನಿರು ಅನ್ನುವುದಿಲ್ಲ. ಆಮೇಲೆ ಮಾರ್ಕನ ಸುವಾರ್ತೆ, 16 ಅಧ್ಯಾಯ, ದಿನಕ್ಕೊಂದು. ರಾತ್ರಿ ನಿದ್ದೆ ಬಾರದಿದ್ದರೆ 13, 42, 77, 130ನೇ ಕೀರ್ತನೆಗಳು.

ಆಯಿಗೆ ಫೋನಿನಲ್ಲಿ ಕನ್ನಡ ಸತ್ಯವೇದವನ್ನು ಓದಿ ಕೇಳಿಸುವ ಆ್ಯಪ್ ಹಾಕಿಕೊಡಿ. ಮೊಮ್ಮಕ್ಕಳೇ ಪಕ್ಕ ಕೂತು ಜೋರಾಗಿ ಓದಿದರೆ ಇನ್ನೂ ಒಳ್ಳೆಯದು. ನಡುನಡುವೆ ಆಯಿ ನಿಲ್ಲಿಸಿ ಏನಾದರೂ ಹೇಳುತ್ತಾರೆ, ಅವಸರ ಮಾಡದೆ ಅದನ್ನೂ ಕೇಳಿಸಿಕೊಳ್ಳಿ.